ಬೀಗವೊಂದೇ ಸಾಲದು, ಫ್ಯೂಸೂ ಬೇಕು

ಕಳವು ಎಂಬ ಮಾತನ್ನು ಕೇಳಿದೊಡನೆ ಮುರಿದ ಬಾಗಿಲು, ಒಡೆದ ಪೆಟ್ಟಿಗೆ, ಬರಿದಾದ ತಿಜೋರಿ ಇವು ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಬೆಳೆದು ಬಂದಿರುವ ಒಂದು ಬಗೆಯ ಕಳವಿನಲ್ಲಿ ಬಾಗಿಲು ಮುರಿಯುವುದಿಲ್ಲ; ಪೆಟ್ಟಿಗೆ ಇದ್ದಲ್ಲಿಯೇ ಇರುತ್ತದೆ; ಅಂಗಡಿಯ ಯಜಮಾನನು ಬೆಳಗ್ಗೆ ಎಂದಿನಂತೆ ವ್ಯಾಪಾರಕ್ಕೆ ಕುಳಿತುಕೊಳ್ಳುತ್ತಾನೆ. ಅಷ್ಟು ಹೊತ್ತಿಗೆ ದೂರದಲ್ಲೆಲ್ಲಿಯೋ ಇರುವ ಒಬ್ಬನು ಆತನ ಹೆಸರನ್ನೂ ಹಣವನ್ನೂ ಉಪಯೋಗಿಸಿಕೊಂಡು ಸಾವಿರಾರು ಜನರ ಮುಂದೆ ಸುಳ್ಳು ಸರಕನ್ನು ಸಾರುತ್ತಿರುತ್ತಾನೆ. ಅಂತರಜಾಲದ ಜಾಹೀರಾತು ಖಾತೆಯ ಅಪಹರಣವೆಂದರೆ ಇದೇ. ಇದನ್ನು ತಡೆಯುವುದು ಹೇಗೆ, ನಡೆದುಹೋದ ಪಕ್ಷದಲ್ಲಿ ಖಾತೆಯನ್ನು ಮರಳಿ ಪಡೆಯುವುದು ಹೇಗೆ, ಈ ಹೊಣೆಯಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಇಲ್ಲಿ ವಿಚಾರ ಮಾಡಬೇಕೆಂದು ನಮ್ಮ ಉದ್ದೇಶ.

ಜಾಹೀರಾತು ಖಾತೆಯು ಎಂಥ ವಸ್ತುವೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. 1994ರ ಅಕ್ಟೋಬರ್ 27ರಂದು ‘ಹಾಟ್‌ವೈರ್ಡ್’ ಎಂಬ ಅಮೆರಿಕದ ಅಂತರಜಾಲ ಪತ್ರಿಕೆಯಲ್ಲಿ ಪಟ್ಟಿಯಾಕಾರದ ಜಾಹೀರಾತುಗಳು ಮೊದಲಿಗೆ ಕಾಣಿಸಿಕೊಂಡಾಗ ಅವುಗಳನ್ನು ಕೊಟ್ಟವರು ದೊಡ್ಡ ದೊಡ್ಡ ಕಂಪನಿಗಳವರು. 2000ದ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು ‘ಆಡ್‌ವರ್ಡ್ಸ್’ ಎಂಬ ಏರ್ಪಾಟನ್ನು 350 ಮಂದಿ ಜಾಹೀರಾತುದಾರರೊಡನೆ ಆರಂಭಿಸಿತು. ಅಲ್ಲಿಂದ ಮುಂದೆ ಜಾಹೀರಾತು ಕೊಡುವುದಕ್ಕೆ ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತಬೇಕಾದ ಅಗತ್ಯವು ಹೋಯಿತು. ಇಂದು ಕೊಡಗಿನ ಹೋಂಸ್ಟೇ ನಡೆಸುವವರು, ಇಳಕಲ್ಲಿನ ಸೀರೆಯ ವರ್ತಕರು, ಚನ್ನಪಟ್ಟಣದ ಬೊಂಬೆಗಳನ್ನು ಮಾರುವವರು ಕೂಡ ತಮ್ಮ ಮೊಬೈಲಿನಿಂದಲೇ ಇಂಥ ಖಾತೆಯನ್ನು ತೆರೆದು, ತಮಗೆ ಬೇಕಾದ ಊರಿನ, ಬೇಕಾದ ವಯಸ್ಸಿನ ಜನರಿಗೆ ತಮ್ಮ ಮಾತನ್ನು ಮುಟ್ಟಿಸಬಲ್ಲರು. ಸಣ್ಣ ವರ್ತಕನಿಗೆ ಇದರಿಂದ ಆಗಿರುವ ಉಪಕಾರವು ಅಲ್ಪವಾದುದಲ್ಲ.

ಇಂಥ ಖಾತೆಯೊಂದರಲ್ಲಿ ಮೂರು ವಸ್ತುಗಳು ಒಟ್ಟಿಗೆ ಕಟ್ಟಿಕೊಂಡಿರುತ್ತವೆ. ಒಂದು, ಬಹುಜನರ ಮುಂದೆ ಮಾತನಾಡುವ ಅಧಿಕಾರ. ಎರಡು, ಆ ಮಾತಿಗೆ ತಗಲುವ ವೆಚ್ಚವನ್ನು ತೆರುವ ಬ್ಯಾಂಕಿನ ಕಾರ್ಡು. ಮೂರು, ಹಲವು ವರ್ಷಗಳ ನೇರವಾದ ವ್ಯವಹಾರದಿಂದ ಸಂಪಾದಿಸಿದ ಹೆಸರು. ಅನೇಕ ಖಾತೆಗಳಲ್ಲಿ ಮೊದಲು ಜಾಹೀರಾತು ಹರಿದು, ವೆಚ್ಚವು ಒಂದು ಮೊತ್ತವನ್ನು ಮುಟ್ಟಿದಾಗಲೋ ತಿಂಗಳ ಕೊನೆಯಲ್ಲಿಯೋ ಕಾರ್ಡಿನಿಂದ ಹಣವು ತಾನಾಗಿ ಕಡಿದುಹೋಗುತ್ತದೆ. ಕಳ್ಳನಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಇನ್ನೊಂದಿಲ್ಲ. ಖಾತೆಯಿಂದ ಅವನು ಹಣವನ್ನು ಹೊರಕ್ಕೆ ಒಯ್ಯಬೇಕಾಗಿಯೇ ಇಲ್ಲ; ಅದನ್ನು ಅಲ್ಲಿಯೇ ಜಾಹೀರಾತಾಗಿ ಪರಿವರ್ತಿಸಿದರೆ ಸಾಕು.

ಕಳ್ಳನು ಒಳಗೆ ಬರುವ ದಾರಿ

ಖಾತೆಯ ಬಾಗಿಲಿಗೆ ಹಾಕುವ ಬೀಗವೆಂದರೆ ಪಾಸ್‌ವರ್ಡು ಎಂಬುದು ಸಾಮಾನ್ಯವಾದ ತಿಳಿವಳಿಕೆ. ಕಂಪ್ಯೂಟರಿಗೆ ಪಾಸ್‌ವರ್ಡು ಬಂದದ್ದು 1960ರ ದಶಕದ ಆರಂಭದಲ್ಲಿ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೋ ಕಾರ್ಬಟೋ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ರಚಿತವಾದ, ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುವ ವ್ಯವಸ್ಥೆಯಲ್ಲಿ, ಒಬ್ಬೊಬ್ಬರ ಕಡತವನ್ನು ಬೇರ್ಪಡಿಸುವುದಕ್ಕಾಗಿ ಅದನ್ನು ಬಳಸಿದರು. 1962ರಲ್ಲಿಯೇ ಅಲ್ಲಿನ ಒಬ್ಬ ಸಂಶೋಧನ ವಿದ್ಯಾರ್ಥಿಯು ಯಂತ್ರದ ಮೇಲೆ ತನಗೆ ದೊರೆತಿದ್ದ ವೇಳೆ ಸಾಲದೆಂದು ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಅಚ್ಚುಹಾಕಿಸಿಕೊಂಡನು. ಬೀಗವು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಕಳ್ಳಕೀಲಿಯೂ ಹುಟ್ಟಿತು. ಇಬ್ಬರು ಬಲ್ಲ ಗುಟ್ಟು ಗುಟ್ಟಾಗಿ ಉಳಿಯುವುದು ಕಷ್ಟ. ಪಾಸ್‌ವರ್ಡಾದರೋ ಒಡೆಯನೂ ಸಂಸ್ಥೆಯೂ ಇಬ್ಬರೂ ಬಲ್ಲ ಗುಟ್ಟು. ಒಡೆಯನನ್ನು ಏಮಾರಿಸಿ ಅದನ್ನು ಹೇಳಿಸಿಕೊಳ್ಳುವುದು ಕಳ್ಳನ ಮೊದಲನೆಯ ದಾರಿ.

ಈ ಮೊದಲನೆಯ ದಾರಿಯು ಎಷ್ಟು ಧೂರ್ತತನದ್ದಾಗಬಹುದೆಂಬುದಕ್ಕೆ 2025ರ ಜನವರಿಯಲ್ಲಿ ಮಾಲ್‌ವೇರ್‌ಬೈಟ್ಸ್ ಎಂಬ ಸುರಕ್ಷಾ ಸಂಸ್ಥೆಯು ಬಯಲಿಗೆ ತಂದ ಸಂಗತಿಯನ್ನು ನೋಡಬಹುದು. ಗೂಗಲ್ಲಿನ ಜಾಹೀರಾತು ಖಾತೆಯನ್ನು ತೆರೆಯಬೇಕೆಂದು ಅದೇ ಗೂಗಲ್ಲಿನಲ್ಲಿ ಹುಡುಕಿದವರಿಗೆ ಎಲ್ಲಕ್ಕಿಂತ ಮೇಲೆ ಒಂದು ಜಾಹೀರಾತು ಕಾಣಿಸುತ್ತಿತ್ತು. ಅದು ಗೂಗಲ್ಲಿನದೇ ಎಂಬಂತೆ ತೋರುತ್ತಿದ್ದರೂ ವಂಚಕರದಾಗಿತ್ತು. ಅದನ್ನು ಒತ್ತಿದವರು ಗೂಗಲ್ಲಿನ ಉಚಿತ ಸೌಲಭ್ಯದಲ್ಲಿಯೇ ಕಟ್ಟಿದ್ದ ಒಂದು ಪುಟಕ್ಕೆ ಹೋಗಿ, ಅಲ್ಲಿಂದ ಸೋಗಿನ ಪ್ರವೇಶದ್ವಾರವನ್ನು ಸೇರಿ, ತಮ್ಮ ಪಾಸ್‌ವರ್ಡನ್ನು ವಂಚಕರ ಕೈಗೆ ತಾವೇ ಒಪ್ಪಿಸುತ್ತಿದ್ದರು. ಹೀಗೆ ಕದ್ದ ಖಾತೆಗಳು ಮತ್ತಷ್ಟು ಅಂಥವೇ ಜಾಹೀರಾತುಗಳನ್ನು ಹೊರಡಿಸುವುದಕ್ಕೆ ಬಂಡವಾಳವಾಗುತ್ತವೆ. ಬೆಂಕಿಯು ತನಗೆ ಬೇಕಾದ ಸೌದೆಯನ್ನು ತಾನೇ ಕೂಡಿಸಿಕೊಂಡಂತೆ ಇದು.

ಎರಡನೆಯ ದಾರಿಯಲ್ಲಿ ಪಾಸ್‌ವರ್ಡಿನ ಗೊಡವೆಯೇ ಇಲ್ಲ. ಇದನ್ನು ತಿಳಿಯಲು ನಾಟಕಶಾಲೆಯನ್ನು ನೆನೆಯೋಣ. ವಿರಾಮದ ವೇಳೆಯಲ್ಲಿ ಹೊರಗೆ ಹೋಗುವವರಿಗೆ ಬಾಗಿಲಿನಲ್ಲಿ ಒಂದು ಚೀಟಿಯನ್ನು ಕೊಡುತ್ತಾರೆ. ಮರಳಿ ಬರುವಾಗ ಅದನ್ನು ತೋರಿಸಿದರೆ ಸಾಕು, ಟಿಕೇಟನ್ನು ಯಾರೂ ಕೇಳುವುದಿಲ್ಲ. ಅಂತರಜಾಲದಲ್ಲಿಯೂ ಹಾಗೆಯೇ. ಒಮ್ಮೆ ಪಾಸ್‌ವರ್ಡು ಕೊಟ್ಟು ಒಳಗೆ ಹೋದವರ ಬ್ರೌಸರಿಗೆ ಸಂಸ್ಥೆಯು ಒಂದು ಸಣ್ಣ ಚೀಟಿಯನ್ನು ಕೊಡುತ್ತದೆ. ಇದಕ್ಕೆ ‘ಕುಕಿ’ ಎಂದು ಹೆಸರು. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಎಂಬಾತನು 1994ರಲ್ಲಿ ಇದನ್ನು ಕಲ್ಪಿಸಿದನು. ಇದು ಇಲ್ಲದಿದ್ದರೆ ಪುಟ ತಿರುವಿದಾಗಲೆಲ್ಲ ಪಾಸ್‌ವರ್ಡು ಕೊಡಬೇಕಾಗುತ್ತಿತ್ತು. ಆದರೆ ಆ ಚೀಟಿಯನ್ನು ಕದ್ದವನಿಗೂ ಬಾಗಿಲು ತೆರೆಯುತ್ತದೆ. ಪಾಸ್‌ವರ್ಡು ಎಷ್ಟು ಉದ್ದವಾಗಿದ್ದರೇನು, ಅದರ ಜೊತೆಗೆ ಮೊಬೈಲಿಗೆ ಬರುವ ಓಟಿಪಿ ಇದ್ದರೇನು, ಅವೆರಡನ್ನೂ ದಾಟಿ ಒಳಗೆ ಹೋದ ಮೇಲೆ ದೊರೆತ ಚೀಟಿಯಲ್ಲವೇ ಇದು!

ಇದು ಬರಿಯ ಊಹೆಯಲ್ಲ. ಫೇಸ್‌ಬುಕ್ ಸಂಸ್ಥೆಯು 2018ರ ಕೊನೆಯಲ್ಲಿ ಕಂಡುಹಿಡಿದ ‘ಸೈಲೆಂಟ್‌ಫೇಡ್’ ಎಂಬ ದುಷ್ಟ ತಂತ್ರಾಂಶವು ಮಾಡಿದ್ದು ಇದನ್ನೇ. ಕಾಸು ಕೊಡದೆ ದೊರೆಯುವ ನಕಲು ತಂತ್ರಾಂಶಗಳ ಜೊತೆಯಲ್ಲಿ ಅದು ಕಂಪ್ಯೂಟರನ್ನು ಹೊಕ್ಕು, ಬ್ರೌಸರಿನಲ್ಲಿದ್ದ ಪಾಸ್‌ವರ್ಡುಗಳನ್ನೂ ಕುಕಿಗಳನ್ನೂ ಕದಿಯುತ್ತಿತ್ತು. ಖಾತೆಗೆ ಹಣ ತೆರುವ ಕಾರ್ಡು ಸೇರಿಕೊಂಡಿದೆಯೇ ಎಂಬುದನ್ನು ನೋಡಿಕೊಳ್ಳುತ್ತಿತ್ತು. ಒಡೆಯನಿಗೆ ಎಚ್ಚರಿಕೆಯ ಸಂದೇಶಗಳು ಮುಟ್ಟದಂತೆ ಅವುಗಳ ಬಾಯನ್ನೇ ಕಟ್ಟುತ್ತಿತ್ತು. ಮನೆಗೆ ನುಗ್ಗುವ ಮುನ್ನ ಕಾವಲುನಾಯಿಗೆ ಮಂಕುಬೂದಿ ಎರಚಿದಂತೆ! ಹೀಗೆ ಹಿಡಿದ ಖಾತೆಗಳಿಂದ ಮೈ ಕರಗಿಸುವ ಗುಳಿಗೆಗಳನ್ನೂ ನಕಲಿ ಸರಕುಗಳನ್ನೂ ಸಾರಲಾಯಿತು. ಖಾತೆದಾರರ ಹಣದಿಂದ ಹೀಗೆ ಪೋಲಾದದ್ದು 40 ಲಕ್ಷ ಡಾಲರುಗಳಿಗೂ ಮೀರಿದ ಮೊತ್ತವೆಂದು ಆ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದರು.

ಮತ್ತೊಂದು ನಿದರ್ಶನವೂ ಉಂಟು. ಫಿನ್ಲೆಂಡಿನ ವಿತ್‌ಸೆಕ್ಯೂರ್ ಸಂಸ್ಥೆಯು 2022ರ ಜುಲೈಯಲ್ಲಿ ‘ಡಕ್‌ಟೇಲ್’ ಎಂಬ ಹೆಸರಿನಿಂದ ಒಂದು ವಂಚನೆಯನ್ನು ವಿವರಿಸಿತು. ಜಾಹೀರಾತಿನ ಕೆಲಸವನ್ನು ನೋಡಿಕೊಳ್ಳುವ ನೌಕರರು ಯಾರು ಯಾರೆಂಬುದನ್ನು ಲಿಂಕ್ಡ್‌ಇನ್ ತಾಣದಲ್ಲಿ ಹುಡುಕಿ, ಅವರ ಕೆಲಸಕ್ಕೆ ಸಂಬಂಧಿಸಿದವೆಂಬಂತೆ ತೋರುವ ಚಿತ್ರಗಳನ್ನೂ ದಸ್ತಾವೇಜುಗಳನ್ನೂ ಒಂದು ಕಟ್ಟಿನಲ್ಲಿ ಕಳುಹಿಸುತ್ತಿದ್ದರು. ಆ ಕಟ್ಟಿನಲ್ಲಿ ಒಂದು ಮಾತ್ರ ದಸ್ತಾವೇಜಿನ ವೇಷದ ತಂತ್ರಾಂಶವಾಗಿತ್ತು. ಅದನ್ನು ತೆರೆದೊಡನೆ ಕುಕಿಗಳು ಕಳ್ಳರ ಪಾಲಾಗುತ್ತಿದ್ದುವು; ಅಷ್ಟೇ ಅಲ್ಲದೆ ಖಾತೆಯ ಆಡಳಿತಗಾರರ ಪಟ್ಟಿಯಲ್ಲಿ ಕಳ್ಳನ ಹೆಸರೂ ಸೇರಿಬಿಡುತ್ತಿತ್ತು. ಈ ಕಡೆಯ ಸಂಗತಿಯನ್ನು ಓದುಗರು ಚೆನ್ನಾಗಿ ನೆನಪಿನಲ್ಲಿಡಬೇಕು. ಒಮ್ಮೆ ಪಟ್ಟಿಗೆ ಸೇರಿದ ಮೇಲೆ ಒಡೆಯನು ಪಾಸ್‌ವರ್ಡನ್ನು ಎಷ್ಟು ಸಲ ಬದಲಾಯಿಸಿದರೂ ಪ್ರಯೋಜನವಿಲ್ಲ. ಕಳ್ಳನು ಈಗ ಕಿಟಕಿಯಿಂದ ನುಗ್ಗಿದವನಲ್ಲ, ಮನೆಯ ಪಾಲುಗಾರ!

ಬೀಗದ ಬಲ, ಬೀಗದ ಮಿತಿ

ಹಾಗಾದರೆ ಒಳ್ಳೆಯ ಬೀಗವೇ ಇಲ್ಲವೆ? ಉಂಟು. ಇಬ್ಬರು ಹಂಚಿಕೊಳ್ಳುವ ಗುಟ್ಟಿಗೆ ಬದಲಾಗಿ, ಒಬ್ಬನಲ್ಲಿಯೇ ಉಳಿಯುವ ಗುಟ್ಟಿನಿಂದ ಕೆಲಸ ನಡೆಸಬಹುದೆಂದು 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ತೋರಿಸಿಕೊಟ್ಟರು. ಇದರಲ್ಲಿ ಕೀಲಿಗಳು ಎರಡು. ಒಂದು ಒಡೆಯನ ಬಳಿಯಲ್ಲಿಯೇ ಇದ್ದು ಮುದ್ರೆಯನ್ನೊತ್ತುವ ಗುಪ್ತ ಕೀಲಿ. ಇನ್ನೊಂದು ಆ ಮುದ್ರೆಯು ನಿಜವೇ ಎಂದು ತಾಳೆ ನೋಡಲು ಮಾತ್ರ ಬರುವ ಬಹಿರಂಗ ಕೀಲಿ. ಸಂಸ್ಥೆಯ ಬಳಿಯಲ್ಲಿ ಇರುವುದು ಎರಡನೆಯದು ಮಾತ್ರ. ಅದನ್ನು ಕದ್ದು ಯಾರಿಗೂ ಲಾಭವಿಲ್ಲ. ಇದೇ ತತ್ತ್ವದ ಮೇಲೆ ಇಂದು ಹೆಬ್ಬೆರಳಿನಷ್ಟು ಗಾತ್ರದ ‘ಸೆಕ್ಯೂರಿಟಿ ಕೀ’ಗಳೂ ಮೊಬೈಲಿನೊಳಗಿನ ‘ಪಾಸ್‌ಕೀ’ಗಳೂ ಕೆಲಸಮಾಡುತ್ತವೆ. ಇವುಗಳ ಇನ್ನೊಂದು ಗುಣವು ವಿಶೇಷವಾದುದು. ಮುದ್ರೆಯನ್ನೊತ್ತುವ ಮುನ್ನ ಬ್ರೌಸರು ತಾನು ನಿಂತಿರುವ ತಾಣದ ನಿಜವಾದ ವಿಳಾಸವನ್ನು ಪರೀಕ್ಷಿಸುತ್ತದೆ. ಸೋಗಿನ ಬಾಗಿಲಿಗೆ ಮನುಷ್ಯನ ಕಣ್ಣು ಮೋಸಹೋಗಬಹುದು; ಈ ಕೀಲಿ ಮೋಸಹೋಗುವುದಿಲ್ಲ.

ಇದರ ಫಲವನ್ನು ಅಳೆದು ನೋಡಿದ್ದಾರೆ. 2019ರಲ್ಲಿ ಗೂಗಲ್ ಪ್ರಕಟಿಸಿದ ಸಂಶೋಧನೆಯೊಂದರ ಪ್ರಕಾರ, ಮೊಬೈಲಿಗೆ ಎಸ್ಸೆಮ್ಮೆಸ್ ಮೂಲಕ ಬರುವ ಸಂಖ್ಯೆಯು ಜನಸಾಮಾನ್ಯರ ಮೇಲೆ ಒಟ್ಟಾಗಿ ಬಲೆ ಬೀಸುವ ವಂಚನೆಗಳಲ್ಲಿ ಶೇಕಡ 96ನ್ನು ತಡೆಯಿತು. ಒಬ್ಬನನ್ನೇ ಗುರಿಯಿಟ್ಟು ನಡೆಸಿದ ದಾಳಿಗಳಲ್ಲಿ ಶೇಕಡ 76ನ್ನು ಮಾತ್ರ ತಡೆಯಿತು. ಸೆಕ್ಯೂರಿಟಿ ಕೀಲಿಯಾದರೋ ಪರೀಕ್ಷೆಗೆ ಒಳಗಾದ ಎಲ್ಲ ದಾಳಿಗಳನ್ನೂ ತಡೆಯಿತು. ಆದುದರಿಂದ ಜಾಹೀರಾತು ಖಾತೆಯುಳ್ಳವರು ಓಟಿಪಿಯನ್ನಾದರೂ ಇಟ್ಟುಕೊಳ್ಳತಕ್ಕದ್ದು. ಸಾಧ್ಯವಾದವರು ಕೀಲಿಯನ್ನೇ ಇಟ್ಟುಕೊಳ್ಳತಕ್ಕದ್ದು. ಈ ವಿಷಯದಲ್ಲಿ ಎರಡು ಮಾತಿಲ್ಲ.

ಆದರೂ ಇಷ್ಟಕ್ಕೇ ತೃಪ್ತರಾಗಿಬಿಟ್ಟರೆ ನಾವು ಮೋಸಹೋಗುತ್ತೇವೆ. ಕೀಲಿಯು ಕಾಯುವುದು ಬಾಗಿಲನ್ನು. ಬಾಗಿಲು ದಾಟಿದ ಮೇಲೆ ದೊರೆತ ಚೀಟಿಯನ್ನು ಕಂಪ್ಯೂಟರಿನೊಳಗೇ ಕುಳಿತ ದುಷ್ಟ ತಂತ್ರಾಂಶವು ಕದ್ದರೆ ಅದು ತಡೆಯಲಾರದು. ನೌಕರನೊಬ್ಬನು ಕೆಲಸ ಬಿಟ್ಟುಹೋದರೂ ಆಡಳಿತಗಾರರ ಪಟ್ಟಿಯಲ್ಲಿ ಅವನ ಹೆಸರು ಉಳಿದುಕೊಂಡರೆ ಅದಕ್ಕೂ ಕೀಲಿಯಲ್ಲಿ ಮದ್ದಿಲ್ಲ. ಎಂಥ ಬೀಗವಾದರೂ ಒಂದಲ್ಲ ಒಂದು ದಿನ ಸೋಲಬಹುದೆಂದು ಒಪ್ಪಿಕೊಂಡು, ಸೋತ ದಿನ ಆಗುವ ನಷ್ಟಕ್ಕೆ ಮಿತಿಯನ್ನು ಮೊದಲೇ ಗೊತ್ತುಮಾಡಿಡುವುದೇ ವಿವೇಕ. ಈ ವಿವೇಕವನ್ನು ನಾವು ಹೊಸದಾಗಿ ಕಲಿಯಬೇಕಾಗಿಲ್ಲ. ನಮ್ಮ ಮನೆಗಳ ಗೋಡೆಯ ಮೇಲೆಯೇ ಅದು ಇದೆ.

ಫ್ಯೂಸಿನ ಪಾಠ

ಶಿವನಸಮುದ್ರದಲ್ಲಿ ಉತ್ಪತ್ತಿಯಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿದು ಬಂತು. ಕ್ರಮೇಣ ಮನೆಮನೆಗೂ ಬಂದ ಈ ಶಕ್ತಿಯೊಡನೆ ಬೆಂಕಿಯ ಭಯವೂ ಬಂತು. ತಂತಿಯಲ್ಲಿ ಹರಿಯುವ ಪ್ರವಾಹವು ಇಮ್ಮಡಿಯಾದರೆ ಅದರಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುತ್ತದೆ. ಪ್ರವಾಹವು ಹತ್ತುಪಟ್ಟಾದರೆ ಶಾಖವು ನೂರುಪಟ್ಟು. ಎಲ್ಲಿಯೋ ಎರಡು ತಂತಿಗಳು ಒಂದಕ್ಕೊಂದು ತಗುಲಿದರೆ ಮನೆಯೇ ಉರಿದುಹೋಗಬಹುದು. ಇದಕ್ಕೆ ಎಂಜಿನಿಯರುಗಳು ಕಂಡ ಉಪಾಯವು ಬಹು ಸರಳವಾದುದು. ಪ್ರವಾಹದ ದಾರಿಯಲ್ಲಿ ಬೇಕೆಂದೇ ಒಂದು ದುರ್ಬಲವಾದ ತಂತಿಯ ತುಣುಕನ್ನಿಟ್ಟರು. ಪ್ರವಾಹವು ಮಿತಿಮೀರಿದೊಡನೆ ಅದು ಕರಗಿ ದಾರಿಯನ್ನು ಕಡಿದುಹಾಕುತ್ತದೆ. ತಪ್ಪು ಯಾರದು ಎಂದು ಫ್ಯೂಸು ವಿಚಾರಿಸುವುದಿಲ್ಲ. ಎಷ್ಟು ಹರಿಯಿತು ಎಂಬುದನ್ನು ಮಾತ್ರ ನೋಡುತ್ತದೆ. ಮನೆಯವರು ನಿದ್ರೆಯಲ್ಲಿದ್ದರೂ ಅದು ಎಚ್ಚರವಾಗಿರುತ್ತದೆ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು. 1956ರ ಭಾರತೀಯ ವಿದ್ಯುತ್ ನಿಯಮಗಳು, ಗ್ರಾಹಕನ ಮನೆಗೆ ಬರುವ ತಂತಿಯಲ್ಲಿ ತಕ್ಕ ಕಟೌಟನ್ನು ಅಳವಡಿಸುವ ಹೊಣೆಯನ್ನು ವಿದ್ಯುತ್ ಸರಬರಾಜು ಮಾಡುವವರ ಮೇಲೆಯೇ ಹೊರಿಸಿದ್ದವು. ‘ನೀವು ಎಚ್ಚರವಾಗಿರಿ’ ಎಂದು ಗ್ರಾಹಕನಿಗೆ ಬುದ್ಧಿ ಹೇಳಿ ಅವರು ಕೈತೊಳೆದುಕೊಳ್ಳುವಂತಿರಲಿಲ್ಲ. ಶಕ್ತಿಯನ್ನು ಮಾರಿ ಲಾಭ ಪಡೆಯುವವನೇ ಆ ಶಕ್ತಿಯಿಂದಾಗುವ ಅಪಾಯಕ್ಕೂ ಮೊದಲ ಕಾವಲನ್ನು ಇಡಬೇಕೆಂಬುದು ಅದರ ನ್ಯಾಯ.

ಜಾಹೀರಾತು ಖಾತೆಗಳಿಗೂ ಇದೇ ನ್ಯಾಯವು ಅನ್ವಯವಾಗಬೇಕೆಂಬುದು ನಮ್ಮ ಅಭಿಪ್ರಾಯ. ಖಾತೆಯಲ್ಲಿ ದಿನಕ್ಕಿಷ್ಟು ಎಂದು ವೆಚ್ಚದ ಮಿತಿಯನ್ನು ಗೊತ್ತುಮಾಡುವ ಸೌಕರ್ಯವು ಈಗಾಗಲೇ ಇಲ್ಲವೇ ಎಂದು ಕೆಲವರು ಕೇಳಬಹುದು. ಇದೆ. ಆದರೆ ಅದನ್ನು ಫ್ಯೂಸೆನ್ನುವುದು ಸಲ್ಲದು. ಗೂಗಲ್ಲಿನಲ್ಲಿ ದಿನದ ಸರಾಸರಿ ಎಂದು ನಾವು ಬರೆದ ಮೊತ್ತದ ಎರಡರಷ್ಟು ಒಂದು ದಿನದಲ್ಲಿ ವೆಚ್ಚವಾಗಲು ಅವಕಾಶವುಂಟು; ಅದು ಹೋಗಲಿ, ಖಾತೆಯ ಒಳಗೆ ಬಂದ ಕಳ್ಳನು ಆ ಮೊತ್ತವನ್ನೇ ತಿದ್ದಿ ಹೊಸದಾಗಿ ಬರೆಯಬಲ್ಲನು. ಕಳ್ಳನ ಕೈಗೆ ಎಟಕುವ ಫ್ಯೂಸು ಫ್ಯೂಸಲ್ಲ. ಕರಗಿದ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿಯನ್ನು ಸುತ್ತಿದವರ ಮನೆಗೆ ಏನಾಗುತ್ತದೆಂಬುದನ್ನು ಎಲ್ಲರೂ ಬಲ್ಲರು.

ನಿಜವಾದ ಫ್ಯೂಸು ಖಾತೆಯ ಹೊರಗೆ ಇರಬೇಕು. ಇಂದಿನ ಮಟ್ಟಿಗೆ ಸಣ್ಣ ವರ್ತಕನು ಇದನ್ನು ತಾನೇ ಮಾಡಿಕೊಳ್ಳಬಹುದು. ಜಾಹೀರಾತಿಗೆಂದೇ ಬೇರೊಂದು ಕಾರ್ಡನ್ನಿಟ್ಟು, ಅದರ ಮಿತಿಯನ್ನು ಬ್ಯಾಂಕಿನಲ್ಲಿಯೇ ಕಡಿಮೆಯಾಗಿ ಗೊತ್ತುಮಾಡುವುದು ಒಂದು ವಿಧಾನ. ಅನುಕೂಲವಿರುವ ಕಡೆ ಹಣವನ್ನು ಮುಂಗಡವಾಗಿ ತುಂಬಿ, ತುಂಬಿದಷ್ಟನ್ನೇ ವೆಚ್ಚಮಾಡುವುದು ಇನ್ನೊಂದು. ಅಂಗಡಿಯ ಚಾಲ್ತಿ ಖಾತೆಗೋ ಮನೆಯ ಉಳಿತಾಯ ಖಾತೆಗೋ ಸೇರಿದ ಕಾರ್ಡನ್ನು ಜಾಹೀರಾತಿಗೆ ಕೊಡಲೇಬಾರದು. ಕಳ್ಳನು ಬಂದರೂ ಆ ತಿಂಗಳ ಜಾಹೀರಾತಿನ ಹಣ ಹೋದೀತು. ಮಗಳ ಶಾಲೆಯ ಶುಲ್ಕವು ಹೋಗಲಾರದು.

ಆಳುವವರು ಮನಸ್ಸುಮಾಡಿದರೆ ಇಂಥ ಫ್ಯೂಸನ್ನು ಎಲ್ಲರಿಗೂ ಒಮ್ಮೆಗೇ ಅಳವಡಿಸಬಹುದೆಂಬುದಕ್ಕೂ ನಿದರ್ಶನವಿದೆ. ತಾನಾಗಿ ಕಡಿದುಹೋಗುವ ಕಂತುಗಳ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮವು 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಗೆ ಬಂತು. ಹಣವು ಕಡಿಯುವ 24 ಗಂಟೆಗಳ ಮೊದಲು ಗ್ರಾಹಕನಿಗೆ ತಿಳಿಸಬೇಕು. 5,000 ರೂಪಾಯಿ ಮೀರಿದರೆ ಆತನ ಪ್ರತ್ಯೇಕ ಒಪ್ಪಿಗೆ ಬೇಕು. ಸಾಮಾನ್ಯ ಪಾವತಿಗಳಿಗೆ ಈ ಮಿತಿಯನ್ನು 2022ರ ಜೂನಿನಲ್ಲಿ 15,000 ರೂಪಾಯಿಗಳಿಗೆ ಏರಿಸಲಾಯಿತು. ಜಾರಿಯ ಆರಂಭದಲ್ಲಿ ವ್ಯಾಪಾರಕ್ಕೆ ತೊಡಕಾಯಿತೆಂಬ ದೂರು ಕೇಳಿಬಂದದ್ದು ನಿಜ. ಆದರೆ ವ್ಯಾಪಾರವೇನೂ ನಿಂತುಹೋಗಲಿಲ್ಲ.

ಇದೇ ಮಾದರಿಯಲ್ಲಿ ಜಾಹೀರಾತು ಸಂಸ್ಥೆಗಳೂ ಮೂರು ಏರ್ಪಾಡುಗಳನ್ನು ಖಾತೆ ತೆರೆದ ಮೊದಲ ದಿನದಿಂದಲೇ, ಯಾರೂ ಕೇಳದೆಯೇ, ಎಲ್ಲರಿಗೂ ಮಾಡಿಕೊಡಬೇಕು. ವೆಚ್ಚದ ಮಿತಿಯನ್ನು ಇಳಿಸುವುದು ಕ್ಷಣದಲ್ಲಿ ಆಗಲಿ, ಏರಿಸುವುದು ಮಾತ್ರ ಒಂದು ದಿನ ಕಳೆದ ಮೇಲೆ ಜಾರಿಗೆ ಬರಲಿ. ಹೊಸ ಆಡಳಿತಗಾರನನ್ನು ಸೇರಿಸುವುದಕ್ಕೂ ಹಳಬನನ್ನು ತೆಗೆದುಹಾಕುವುದಕ್ಕೂ ಮತ್ತೊಮ್ಮೆ ಕೀಲಿಯನ್ನು ಕೇಳಲಿ. ಬರಿಯ ಚೀಟಿ ಸಾಲದಿರಲಿ. ಎಚ್ಚರಿಕೆಯ ಸಂದೇಶಗಳನ್ನು ಖಾತೆಯ ಒಳಗಿನಿಂದ ನಿಲ್ಲಿಸಲು ಬಾರದಿರಲಿ. ಸೈಲೆಂಟ್‌ಫೇಡಿನಿಂದ ಕಲಿಯಬೇಕಾದ ಪಾಠ ಈ ಮೂರನೆಯದು.

ಕಳೆದುಹೋದ ಖಾತೆಯನ್ನು ಮರಳಿ ಪಡೆಯುವ ಕ್ರಮ

ಇಷ್ಟೆಲ್ಲ ಆದರೂ ಕಳವು ನಡೆದುಹೋದರೆ ಏನು ಮಾಡತಕ್ಕದ್ದು? ಇಲ್ಲಿ ಕ್ರಮವೇ ಮುಖ್ಯ. ಮನೆಯಲ್ಲಿ ವಿದ್ಯುತ್ತಿನಿಂದ ಬೆಂಕಿ ಬಿದ್ದಾಗ ಮೊದಲು ಮೆಯಿನ್ ಸ್ವಿಚ್ಚನ್ನು ತೆಗೆಯಬೇಕು. ಆಮೇಲೆ ಬೆಂಕಿಯನ್ನು ಆರಿಸಬೇಕು. ಕಾರಣವನ್ನು ಹುಡುಕುವುದು ಕೊನೆಗೆ. ಗಾಬರಿಯಲ್ಲಿ ಅನೇಕರು ಇದನ್ನು ತಲೆಕೆಳಗು ಮಾಡಿ, ಮೊದಲು ಪಾಸ್‌ವರ್ಡನ್ನು ಬದಲಾಯಿಸಲು ಕುಳಿತುಬಿಡುತ್ತಾರೆ. ತಂತ್ರಾಂಶವು ಹೊಕ್ಕಿರುವ ಅದೇ ಕಂಪ್ಯೂಟರಿನಲ್ಲಿ ಬದಲಾಯಿಸಿದರೆ ಹೊಸ ಪಾಸ್‌ವರ್ಡೂ ಕಳ್ಳನಿಗೆ ಹೋಗಿ ಸೇರುತ್ತದೆ.

ಮೊದಲನೆಯ ಕೆಲಸ, ಬ್ಯಾಂಕಿಗೆ ಫೋನುಮಾಡಿ ಕಾರ್ಡನ್ನು ತಡೆಹಿಡಿಸುವುದು. ಬ್ಯಾಂಕಿಗೂ ಗ್ರಾಹಕನಿಗೂ ಸಂಬಂಧಿಸದ ಮೂರನೆಯವರ ದೋಷದಿಂದ ಹಣ ಹೋದಾಗ, ಮೂರು ಕೆಲಸದ ದಿನಗಳ ಒಳಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟವನ್ನು ಹೊರಿಸಬಾರದೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ವಿಧಿಸಿತು. ತಡವಾದಷ್ಟೂ ಹಕ್ಕು ಸಡಿಲವಾಗುತ್ತದೆಂಬುದು ಅದರ ಹಿಂದಿರುವ ತತ್ತ್ವ. ಫೋನು ಮಾಡಿದ ವೇಳೆಯನ್ನೂ ಬ್ಯಾಂಕಿನವರು ಕೊಟ್ಟ ದೂರಿನ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು.

ಎರಡನೆಯ ಕೆಲಸ, ಸಾಕ್ಷ್ಯವನ್ನು ಉಳಿಸಿಕೊಳ್ಳುವುದು. ಕಳ್ಳನು ಹಾಕಿದ ಜಾಹೀರಾತುಗಳು, ಸೇರಿಸಿದ ಹೆಸರುಗಳು, ಆದ ವೆಚ್ಚ ಇವುಗಳನ್ನು ಅಳಿಸುವ ಆತುರದಲ್ಲಿ ಕುರುಹನ್ನೇ ಅಳಿಸಿಹಾಕಬಾರದು. ಮೊದಲು ಪರದೆಯ ಚಿತ್ರಗಳನ್ನು ತೆಗೆದುಕೊಳ್ಳಬೇಕು. ಯಾರು ಯಾವಾಗ ಏನನ್ನು ಬದಲಾಯಿಸಿದರೆಂಬ ದಾಖಲೆಯು ಗೂಗಲ್ಲಿನ ಖಾತೆಯಲ್ಲಿ ತಾನಾಗಿ ಬೆಳೆಯುತ್ತಿರುತ್ತದೆ, ಅದನ್ನೂ ಇಳಿಸಿಟ್ಟುಕೊಳ್ಳಬೇಕು.

ಮೂರನೆಯದು ಕಳ್ಳನನ್ನು ಹೊರಹಾಕುವುದು. ಇದನ್ನು ಸೋಂಕಿಲ್ಲದ ಬೇರೊಂದು ಯಂತ್ರದಿಂದ ಮಾಡಬೇಕು. ಜಾಹೀರಾತು ಖಾತೆಗಿಂತ ಮುಂಚೆ ಅದಕ್ಕೆ ಜೋಡಿಸಿರುವ ಇಮೇಲನ್ನು ಭದ್ರಪಡಿಸಬೇಕು. ಏಕೆಂದರೆ ಮಿಕ್ಕೆಲ್ಲ ಬೀಗಗಳ ಕೀಲಿಗೊಂಚಲು ಅಲ್ಲಿದೆ. ಬಂದ ಪತ್ರಗಳು ಗುಟ್ಟಾಗಿ ಬೇರೊಂದು ವಿಳಾಸಕ್ಕೆ ಹೋಗುವಂತೆ ಕಳ್ಳನು ಏರ್ಪಡಿಸಿರಬಹುದು. ಅದನ್ನು ನೋಡಿ ತೆಗೆದುಹಾಕಬೇಕು. ಅನಂತರ ಪಾಸ್‌ವರ್ಡನ್ನು ಬದಲಾಯಿಸಿ, ಎಲ್ಲ ಯಂತ್ರಗಳಿಂದಲೂ ಖಾತೆಯು ಹೊರಬರುವಂತೆ ಆಜ್ಞೆ ಕೊಡಬೇಕು. ಇದರಿಂದ ಹಳೆಯ ಚೀಟಿಗಳೆಲ್ಲ ರದ್ದಾಗುತ್ತವೆ. ಆ ಮೇಲೆ ಆಡಳಿತಗಾರರ ಪಟ್ಟಿಯನ್ನೂ ಖಾತೆಗೆ ಜೋಡಿಸಿದ ಅನ್ಯ ಖಾತೆಗಳನ್ನೂ ತಾನಾಗಿ ನಡೆಯುವ ಕಟ್ಟಳೆಗಳನ್ನೂ ಒಂದೊಂದಾಗಿ ಪರಿಶೀಲಿಸಬೇಕು. ಸೋಂಕು ತಗುಲಿದ ಯಂತ್ರವನ್ನು ಪೂರ್ತಿಯಾಗಿ ಅಳಿಸಿ ಹೊಸದಾಗಿ ಸಿದ್ಧಪಡಿಸುವವರೆಗೆ ಅದರಲ್ಲಿ ಯಾವ ವ್ಯವಹಾರವೂ ಕೂಡದು.

ನಾಲ್ಕನೆಯದು ದೂರು ಕೊಡುವುದು. ಸಂಸ್ಥೆಗೆ ದೂರು ಕೊಡಬೇಕಾದ ಪುಟವನ್ನು ಹುಡುಕಾಟದ ಜಾಹೀರಾತುಗಳ ಮೂಲಕ ತಲುಪಬಾರದು; ವಿಳಾಸವನ್ನು ಕೈಯಿಂದಲೇ ಬರೆದು ತಲುಪಬೇಕು. ಸರ್ಕಾರದ ಸಹಾಯವಾಣಿಯ ಸಂಖ್ಯೆ 1930. ಹಣದ ವಂಚನೆಯನ್ನು ಇಲ್ಲಿ ಬೇಗನೆ ತಿಳಿಸಿದರೆ ಅದು ಕೈಬದಲಾಗುವ ದಾರಿಯಲ್ಲಿಯೇ ತಡೆಯಲು ಪ್ರಯತ್ನ ನಡೆಯುತ್ತದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ವಿಧಿಯ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮೂರು ವರ್ಷಗಳವರೆಗಿನ ಸೆರೆಮನೆಗೆ ಅರ್ಹವಾದ ಅಪರಾಧವೆಂಬುದನ್ನೂ ತಿಳಿದಿರಬೇಕು. ‘ಹಣ ಕೊಟ್ಟರೆ ನಿಮ್ಮ ಖಾತೆಯನ್ನು ಬಿಡಿಸಿಕೊಡುತ್ತೇವೆ’ ಎಂದು ಮುಂದೆ ಬರುವ ಅಪರಿಚಿತರನ್ನು ಮಾತ್ರ ಹತ್ತಿರಕ್ಕೆ ಬಿಡಬಾರದು. ಬಿದ್ದವನ ಮೇಲೆ ಎರಡನೆಯ ಕಲ್ಲು ಬೀಳುವುದು ಸಾಮಾನ್ಯವಾಗಿ ಈ ದಿಕ್ಕಿನಿಂದಲೇ.

ಈ ಕ್ರಮವು ಫಲಿಸಬೇಕಾದರೆ ಸಿದ್ಧತೆಯು ಕಳವಿಗೆ ಮುಂಚೆಯೇ ಆಗಿರಬೇಕು. ಖಾತೆಯ ಸಂಖ್ಯೆ, ಹಿಂದಿನ ತಿಂಗಳುಗಳ ಬಿಲ್ಲು, ಕಷ್ಟಕಾಲಕ್ಕೆಂದು ಸಂಸ್ಥೆಯು ಕೊಟ್ಟಿರುವ ಗುಪ್ತ ಸಂಖ್ಯೆಗಳು ಇವನ್ನು ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಡಬೇಕು. ನಂಬಿಕೆಯ ಇನ್ನೊಬ್ಬರು ತಮ್ಮದೇ ಬೇರೆ ಕೀಲಿಯೊಡನೆ ಆಡಳಿತಗಾರರಾಗಿರಬೇಕು. ಒಬ್ಬರು ಹೊರಬಿದ್ದರೆ ಇನ್ನೊಬ್ಬರು ಒಳಗಿನಿಂದ ಬಾಗಿಲು ತೆಗೆಯಬಹುದು. ಉಳಿದವರಿಗೆ ಅವರವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಸಾಕು.

ಹೊಣೆ ಯಾರದು?

‘ನಕಲು ತಂತ್ರಾಂಶವನ್ನು ಹಾಕಿಕೊಂಡವನದೇ ತಪ್ಪಲ್ಲವೇ? ಅಪರಿಚಿತರ ಕಟ್ಟನ್ನು ಬಿಚ್ಚಿದವನದೇ ತಪ್ಪಲ್ಲವೇ?’ ಎಂದು ಕೆಲವರು ಆಕ್ಷೇಪಿಸಬಹುದು. ಅವನದೂ ತಪ್ಪಿರಬಹುದು. ಆದರೆ ಒಬ್ಬ ಮನುಷ್ಯನು ವರ್ಷಪೂರ್ತಿ, ದಿನದ ಪ್ರತಿಯೊಂದು ಪತ್ರವನ್ನೂ ಸಂಶಯದಿಂದಲೇ ನೋಡುತ್ತಿರಬೇಕೆಂಬ ನಿರೀಕ್ಷೆಯ ಮೇಲೆ ಕಟ್ಟಿದ ರಕ್ಷಣೆಯು ರಕ್ಷಣೆಯೇ ಅಲ್ಲ. ಮನೆಯ ಇಸ್ತ್ರಿಪೆಟ್ಟಿಗೆಯ ತಂತಿ ಹರಿದಿದ್ದರೆ ಅದು ಮನೆಯವರ ಅಲಕ್ಷ್ಯ. ಆದರೂ ಆ ಅಲಕ್ಷ್ಯಕ್ಕೆ ಮನೆ ಉರಿಯುವ ಶಿಕ್ಷೆಯನ್ನು ನಾವು ಕೊಡುವುದಿಲ್ಲ. ಇನ್ನು, ಮಿತಿಯನ್ನು ಏರಿಸುವುದಕ್ಕೆ ಒಂದು ದಿನ ಕಾಯಬೇಕಾದರೆ ವ್ಯಾಪಾರವು ಕೆಡುತ್ತದೆಂಬ ಮಾತಿನಲ್ಲಿ ಹುರುಳು ಕಡಿಮೆ. ದೀಪಾವಳಿ ಯಾವಾಗ ಬರುತ್ತದೆಂಬುದು ಯಾವ ವರ್ತಕನಿಗೆ ಹಿಂದಿನ ದಿನ ತಿಳಿದಿರುವುದಿಲ್ಲ?

ಇನ್ನೊಂದು ಮಾತನ್ನು ಮರೆಯಲಾಗದು. ಖಾತೆಯು ಕಳುವಾದಾಗ ನಷ್ಟವಾಗುವುದು ಒಡೆಯನಿಗೆ ಮಾತ್ರವಲ್ಲ. ಹಲವು ವರ್ಷಗಳಿಂದ ಆತನಲ್ಲಿ ಸೀರೆ ಕೊಂಡ ಗಿರಾಕಿಯು ಆ ಹೆಸರನ್ನು ನಂಬಿ ಸುಳ್ಳು ಔಷಧಿಗೆ ಹಣ ಕಳುಹಿಸುತ್ತಾನೆ. ಒಂದು ಮನೆಯ ಬೆಂಕಿಯು ಬೀದಿಯ ಬೆಂಕಿಯಾಗುವುದು ಹೀಗೆ. ಆ ಸುಳ್ಳು ಜಾಹೀರಾತಿನ ವೆಚ್ಚವು ಮೊದಲು ಹೋಗಿ ಸೇರುವುದು ಜಾಹೀರಾತು ಸಂಸ್ಥೆಯ ಬೊಕ್ಕಸಕ್ಕೆ ಎಂಬುದನ್ನು ಗಮನಿಸಿದರೆ, ಈ ಬೆಂಕಿಯನ್ನು ತಡೆಯುವ ಹೊಣೆಯಲ್ಲಿ ಅದರ ಪಾಲು ಎಷ್ಟಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸೈಲೆಂಟ್‌ಫೇಡಿನ ಪ್ರಕರಣದಲ್ಲಿ ಫೇಸ್‌ಬುಕ್ ಸಂಸ್ಥೆಯು ಖಾತೆದಾರರಿಗೆ ಹಣವನ್ನು ಹಿಂದಕ್ಕೆ ಕೊಟ್ಟಿತು. 2019ರ ಡಿಸೆಂಬರಿನಲ್ಲಿ ವಂಚಕರ ಮೇಲೆ ಮೊಕದ್ದಮೆಯನ್ನೂ ಹೂಡಿತು. ಇದು ಮೆಚ್ಚತಕ್ಕ ಕಾರ್ಯ. ಆದರೆ ಪರಿಹಾರವು ಒಂದು ಪ್ರಕರಣದ ಔದಾರ್ಯವಾಗಿ ಉಳಿಯದೆ ನಿಯಮವಾಗಿ ಮಾರ್ಪಡಬೇಕು.

ಬೀಗವನ್ನು ಹಾಕಿಕೊಳ್ಳುವುದು ಖಾತೆಯ ಒಡೆಯನ ಕರ್ತವ್ಯ. ಅದರಲ್ಲಿ ಆತನು ಸೋಮಾರಿಯಾಗಕೂಡದು. ಫ್ಯೂಸನ್ನು ಅಳವಡಿಸುವುದು ಪ್ರವಾಹವನ್ನು ಮಾರುವವರ ಕರ್ತವ್ಯ. ಅದನ್ನು ಅವರಿಂದ ಮಾಡಿಸುವುದು ಸರ್ಕಾರದ ಕರ್ತವ್ಯ. ವಿದ್ಯುತ್ತಿನ ವಿಷಯದಲ್ಲಿ ನಮ್ಮ ಹಿರಿಯರು ಇದನ್ನು ಅರಿತು ನಿಯಮವಾಗಿ ಬರೆದಿಟ್ಟದ್ದರಿಂದಲೇ ನಾವಿಂದು ದೀಪವನ್ನು ಭಯವಿಲ್ಲದೆ ಹಾಕುತ್ತೇವೆ. ಅಂಥದೇ ನಿರ್ಭಯದಿಂದ ಇಳಕಲ್ಲಿನ ವರ್ತಕನು ತನ್ನ ಸೀರೆಯನ್ನು ಜಗತ್ತಿಗೆ ಸಾರುವಂತಾಗಬೇಕು.